ಸ್ನೇಹ ಕೇಳಿದ ಬಿಷಪ್

ನಾನು ಕಾಲೇಜಿಗೆ ಬರುವ ಬಸ್ಸು ಒಂದು ಚರ್ಚಿನ ಮುಂದೆ ಹಾದು ಬರುತ್ತದೆ. ಅದರ ಗೇಟಿನ ಬೋರ್ಡಿನ ಮೇಲೆ ಸಿ.ಎಸ್.ಐ. ಎಂಬ ಮೂರು ಅಕ್ಷರಗಳಿವೆ. ಎರಡು ವರ್ಷದಿಂದ ನೋಡುತ್ತಿದ್ದರೂ ಅದೇನೆಂದು ಕೇಳಬೇಕು ಅನಿಸಿರಲಿಲ್ಲ. ಈ ಸಂಚಿಕೆಗೆ ಬೇರೆ ಧರ್ಮದ ಒಬ್ಬ ಸಾಧಕರ ಬಗ್ಗೆ ಬರೆಯಲು ನಮ್ಮ ಕನ್ನಡ ಮೇಡಂ ಹೇಳಿದಾಗ ಮೊದಲು ನೆನಪಾದದ್ದು ಆ ಬೋರ್ಡು. ಸಿ.ಎಸ್.ಐ. ಎಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ದಕ್ಷಿಣ ಭಾರತ ಸಭೆ. ಅದರ ಇತಿಹಾಸ ಹುಡುಕುತ್ತಾ ಹೋದಾಗ ನನಗೆ ಸಿಕ್ಕವರು ಬಿಷಪ್ ವಿ. ಎಸ್. ಅಜರಯ್ಯ.

ವೇದನಾಯಗಂ ಸ್ಯಾಮ್ಯುಯೆಲ್ ಅಜರಯ್ಯ ಅವರು 1874ರ ಆಗಸ್ಟ್ 17ರಂದು ತಮಿಳುನಾಡಿನ ತಿರುನೆಲ್ವೇಲಿ ಸೀಮೆಯ ವೆಳ್ಳಾಳನ್‌ವಿಳೈ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಹಳ್ಳಿಯ ಪಾದ್ರಿ. ಅಜರಯ್ಯನವರು ಇನ್ನೂ ಹುಡುಗನಾಗಿರುವಾಗಲೇ ತಂದೆ ತೀರಿಕೊಂಡರು. ಮುಂದೆ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದಿದರು, ಆದರೆ ಪದವಿ ಕೈಗೆ ಬರಲಿಲ್ಲ. ಕೊನೆಯ ಪರೀಕ್ಷೆಯ ಹೊತ್ತಿಗೆ ಕಾಯಿಲೆ ಬಿದ್ದರು. ಒಂದು ಪರೀಕ್ಷೆ ಹೋದರೆ ಜೀವನವೇ ಹೋಯಿತು ಎಂದು ಯೋಚಿಸುವ ನಮ್ಮಂಥವರಿಗೆ ಇಲ್ಲೇ ಒಂದು ಪಾಠವಿದೆ. ಅವರು 1895ರಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ಕಾರ್ಯದರ್ಶಿಯಾಗಿ ಕೆಲಸಕ್ಕೆ ಸೇರಿ ದಕ್ಷಿಣ ಭಾರತವನ್ನೆಲ್ಲ ಸುತ್ತಿದರು. 1898ರಲ್ಲಿ ಅನ್ಬು ಮರಿಯಮ್ಮಾಳ್ ಅವರನ್ನು ಮದುವೆಯಾದರು.

1902ರಲ್ಲಿ ಅವರು ಶ್ರೀಲಂಕಾದ ಜಾಫ್ನಾಕ್ಕೆ ಹೋದರು. ಅಲ್ಲಿನ ತಮಿಳು ಕ್ರೈಸ್ತರು ತಮ್ಮದೇ ಹಣದಲ್ಲಿ ಸಂಘ ಕಟ್ಟಿಕೊಂಡು ಸೇವೆ ಮಾಡುತ್ತಿದ್ದುದನ್ನು ನೋಡಿದರು. ನಮ್ಮ ಊರಿನ ಸಭೆ ಅದಕ್ಕಿಂತ ದೊಡ್ಡದು, ಆದರೂ ಎಲ್ಲದಕ್ಕೂ ವಿದೇಶದ ಹಣಕ್ಕೆ ಕಾಯುತ್ತೇವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಮರುವರ್ಷವೇ, 1903ರಲ್ಲಿ, ತಿರುನೆಲ್ವೇಲಿಯಲ್ಲಿ ಇಂಡಿಯನ್ ಮಿಷನರಿ ಸೊಸೈಟಿ ಹುಟ್ಟಿತು. ಅದರ ಹಣವೂ ಕೆಲಸಗಾರರೂ ಇಲ್ಲಿಯವರೇ. 1905ರಲ್ಲಿ ಸೆರಾಂಪುರದಲ್ಲಿ ಇಡೀ ದೇಶಕ್ಕೆ ಇಂಥದ್ದೇ ಇನ್ನೊಂದು ಸಂಸ್ಥೆ ಶುರುವಾಯಿತು. ಅದರ ಸ್ಥಾಪಕರಲ್ಲಿಯೂ ಅವರಿದ್ದರು.

1909ರಲ್ಲಿ ಅವರು ಪಾದ್ರಿಯಾಗಿ ನಿಜಾಮರ ಹೈದರಾಬಾದ್ ರಾಜ್ಯದ ದೋರ್ನಕಲ್ ಎಂಬ ಚಿಕ್ಕ ಊರಿಗೆ ಹೋದರು. ಅಲ್ಲಿಯ ಭಾಷೆ ತೆಲುಗು, ಇವರದು ತಮಿಳು. ಮೂವತ್ತೈದನೇ ವಯಸ್ಸಿನಲ್ಲಿ ಹೊಸ ಭಾಷೆ ಕಲಿಯಲು ಕೂತರು. ಮನೆಯಲ್ಲಿ ಉರ್ದು ಮಾತಾಡಿ ತರಗತಿಯಲ್ಲಿ ಕನ್ನಡ ಬರೆಯುವ ನನಗೆ ಆ ಕಷ್ಟ ಸ್ವಲ್ಪ ಗೊತ್ತು.

1910ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಒಂದು ದೊಡ್ಡ ವಿಶ್ವ ಸಮ್ಮೇಳನ ನಡೆಯಿತು. ಸುಮಾರು 1,200 ಪ್ರತಿನಿಧಿಗಳಲ್ಲಿ ಏಷ್ಯಾದವರು ಇಪ್ಪತ್ತರ ಆಸುಪಾಸು. ಅಲ್ಲಿ ಅಜರಯ್ಯನವರು ಎದ್ದು ನಿಂತು, ಯಾರೂ ಬಾಯಿಬಿಟ್ಟು ಹೇಳದ ಒಂದು ಮಾತು ಹೇಳಿದರು. ಬಿಳಿಯ ಮಿಷನರಿಗಳು ಭಾರತಕ್ಕೆ ಬಂದು ಹಣ ಕೊಟ್ಟಿದ್ದಾರೆ, ಬಡವರಿಗಾಗಿ ದುಡಿದಿದ್ದಾರೆ, ಪ್ರಾಣವನ್ನೂ ಕೊಟ್ಟಿದ್ದಾರೆ. ಆದರೆ ತಮ್ಮ ಜೊತೆ ಕೆಲಸ ಮಾಡುವ ಭಾರತೀಯರನ್ನು ಮನೆಗೆ ಕರೆದು ಊಟಕ್ಕೆ ಕೂರಿಸುವವರು ಬಹಳ ಕಡಿಮೆ. ಉಪಕಾರ ಸಾಕಷ್ಟು ಸಿಕ್ಕಿದೆ, ನಮಗೆ ಬೇಕಾದದ್ದು ಸ್ನೇಹ ಎಂಬುದೇ ಅವರ ಮಾತಿನ ಸಾರ. ಸಭೆಯಲ್ಲಿ ಕೆಲವರಿಗೆ ಸಿಟ್ಟು ಬಂತು, ಕೆಲವರಿಗೆ ಮನಸ್ಸಿಗೆ ನಾಟಿತು. ಆಗ ನಮ್ಮ ದೇಶ ಬ್ರಿಟಿಷರ ಕೈಯಲ್ಲಿತ್ತು ಎಂಬುದನ್ನು ನೆನಪಿಟ್ಟರೆ, ಆ ಮಾತಿಗೆ ಎಷ್ಟು ಧೈರ್ಯ ಬೇಕಿತ್ತು ಎಂದು ಗೊತ್ತಾಗುತ್ತದೆ.

1912ರ ಡಿಸೆಂಬರ್ 29ರಂದು ಕಲ್ಕತ್ತಾದ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಅವರು ಬಿಷಪ್ ಆದರು. ಆಂಗ್ಲಿಕನ್ ಸಭೆಯಲ್ಲಿ ಆ ಪದವಿಗೇರಿದ ಮೊದಲ ಭಾರತೀಯ ಅವರೇ. ಭಾರತೀಯನ ಕೈಕೆಳಗೆ ಬಿಳಿಯರು ಹೇಗೆ ಕೆಲಸ ಮಾಡುವುದು ಎಂಬ ವಿರೋಧ ಬಂದರೂ ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಬೆಂಬಲಕ್ಕೆ ನಿಂತರು.

ದೋರ್ನಕಲ್‌ನಲ್ಲಿ ಬಿಷಪ್ ಆದ ಮೇಲೂ ಅವರು ಎತ್ತಿನ ಗಾಡಿಯಲ್ಲಿ, ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ತಿರುಗಿದರು. ಸಭೆಗೆ ಸೇರಿದವರಲ್ಲಿ ಹೆಚ್ಚಿನವರು ಮಾಲ, ಮಾದಿಗ ಸಮುದಾಯದ ಕೂಲಿಕಾರರು. ಕುಡಿತ ಮತ್ತು ಸಾಲ ಈ ಜನರ ದೊಡ್ಡ ಶತ್ರುಗಳೆಂದು ಅವರು ಹೇಳುತ್ತಿದ್ದರು. ಅಷ್ಟು ಬಡವರಿಂದಲೂ ಅವರು ಕಾಣಿಕೆ ಕೇಳುತ್ತಿದ್ದರು. ಹಣ ಇಲ್ಲದವರು ಬೆಳೆದ ಧಾನ್ಯ ಕೊಡುತ್ತಿದ್ದರು. ಬಡವರ ಹತ್ತಿರ ಯಾಕೆ ಕೇಳಬೇಕು ಎಂದು ಮೊದಲು ನನಗೂ ಅನಿಸಿತು. ಆದರೆ ವಾಣಿಜ್ಯ ಓದುವವನಾಗಿ ಒಂದು ವಿಷಯ ಅರ್ಥವಾಯಿತು. ಬಂಡವಾಳ ಯಾರು ಹಾಕುತ್ತಾರೋ ಮಾತೂ ಅವರದೇ ನಡೆಯುತ್ತದೆ. ಒಂದು ಹಿಡಿ ಧಾನ್ಯ ಕೊಟ್ಟವನು ಕೂಡ ಪಾಲುದಾರನೇ, ಅವನು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ದಾನದ ಬಗ್ಗೆ ಅವರು ಒಂದು ಪುಸ್ತಕವನ್ನೇ ಬರೆದರು.

1932ರಲ್ಲಿ ಬ್ರಿಟಿಷ್ ಸರ್ಕಾರ ಭಾರತೀಯ ಕ್ರೈಸ್ತರಿಗೂ ಪ್ರತ್ಯೇಕ ಮತಕ್ಷೇತ್ರ ಕೊಟ್ಟಾಗ ಅವರು ಅದನ್ನು ವಿರೋಧಿಸಿದರು. ತನ್ನ ಜನ ನೆರೆಹೊರೆಯವರಿಂದ ಬೇರೆಯಾಗಿ ನಿಲ್ಲುವುದು ಅವರಿಗೆ ಬೇಡವಾಗಿತ್ತು. ಮತಾಂತರದ ವಿಷಯದಲ್ಲಿ ಗಾಂಧೀಜಿಯವರಿಗೂ ಅವರಿಗೂ ಭಿನ್ನಾಭಿಪ್ರಾಯವಿತ್ತು. ಅದನ್ನೂ ಅವರು ಮುಚ್ಚಿಡಲಿಲ್ಲ.

1939ರಲ್ಲಿ ದೋರ್ನಕಲ್‌ನ ಕ್ಯಾಥೆಡ್ರಲ್ ಪ್ರತಿಷ್ಠೆಯಾಯಿತು. ಅದರ ಮೇಲೆ ಮಸೀದಿಯಂತೆ ಗುಮ್ಮಟ, ಮಿನಾರುಗಳಿವೆ. ಒಳಗೆ ದಕ್ಷಿಣದ ದೇವಸ್ಥಾನಗಳಂಥ ಕಂಬಗಳಿವೆ. ಈ ಮಣ್ಣಿನ ಜನ ಪ್ರಾರ್ಥನೆ ಮಾಡುವ ಜಾಗ ಈ ಮಣ್ಣಿನ ಹಾಗೇ ಕಾಣಬೇಕು ಎಂಬುದು ಅವರ ಆಸೆ.

ಬೇರೆ ಬೇರೆ ಪ್ರೊಟೆಸ್ಟೆಂಟ್ ಸಭೆಗಳನ್ನು ಒಂದು ಮಾಡಲು 1919ರಲ್ಲಿ ತರಂಗಂಬಾಡಿಯಲ್ಲಿ ನಡೆದ ಮಾತುಕತೆಯ ಮುಂದಾಳುಗಳಲ್ಲಿ ಅವರೂ ಒಬ್ಬರು. ಅಂದಿನಿಂದ ಇಪ್ಪತ್ತೈದು ವರ್ಷ ಅದಕ್ಕಾಗಿ ದುಡಿದರು. 1945ರ ಜನವರಿ 1ರಂದು ತೀರಿಕೊಂಡರು. ಚರ್ಚ್ ಆಫ್ ಸೌತ್ ಇಂಡಿಯಾ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಅವರು ಅದನ್ನು ನೋಡಲಿಲ್ಲ. ನಾನು ದಿನಾ ನೋಡುವ ಆ ಮೂರು ಅಕ್ಷರಗಳ ಹಿಂದೆ ಅವರ ದುಡಿಮೆಯೂ ಇದೆ.

ಇದನ್ನೆಲ್ಲ ಓದಿದ ಮೇಲೆ ಒಂದು ವಿಷಯ ನನ್ನನ್ನು ಕಾಡಿತು. ನಮ್ಮ ಕಾಲೇಜಿನಲ್ಲಿ ನಮ್ಮವರೇ ಹೆಚ್ಚು. ಬೇರೆ ಧರ್ಮದ ಗೆಳೆಯ ಒಬ್ಬ ನನ್ನ ಬೆಂಚಿನಲ್ಲೇ ಕೂರುತ್ತಾನೆ. ನಾನು ಅವನಿಗೆ ಅಕೌಂಟೆನ್ಸಿ ನೋಟ್ಸ್ ಕೊಡುತ್ತೇನೆ, ಅವನು ನನ್ನ ಕನ್ನಡ ತಿದ್ದುತ್ತಾನೆ. ಆದರೆ ಎರಡು ವರ್ಷದಲ್ಲಿ ಒಮ್ಮೆಯೂ ನಾನು ಅವನನ್ನು ಮನೆಗೆ ಕರೆದಿರಲಿಲ್ಲ. ನೋಟ್ಸ್ ಕೊಡುವುದು ಸುಲಭ. ಎಡಿನ್‌ಬರೋದಲ್ಲಿ ಅಜರಯ್ಯನವರು ಹೇಳಿದ್ದು ನನಗೂ ಅನ್ವಯಿಸುತ್ತದೆ.

ಈ ಸಲ ಈದ್‌ಗೆ ಅವನನ್ನು ಕರೆದಿದ್ದೇನೆ. ನಮ್ಮ ಅಮ್ಮಿಗೆ ಕನ್ನಡ ಅಷ್ಟು ಬರುವುದಿಲ್ಲ, ಅವನಿಗೆ ಉರ್ದು ಬರುವುದಿಲ್ಲ. ಆದರೂ ಏನೇನು ಅಡುಗೆ ಮಾಡಬೇಕೆಂದು ಅಮ್ಮಿ ಈಗಲೇ ಲೆಕ್ಕ ಹಾಕುತ್ತಿದ್ದಾರೆ.