ದಿನಕ್ಕೆ ಎರಡು ಪೈಸೆ: ಕುದ್ಮುಲ್ ರಂಗರಾಯರ ನೆನಪು

ನಮ್ಮ ಪ್ರೌಢಶಾಲೆಗೆ ಐವತ್ತು ತುಂಬಿದ ಈ ಸಂದರ್ಭದಲ್ಲಿ ಶಾಲೆಗೆ ಜಾಗ ಕೊಟ್ಟವರನ್ನು, ಕಟ್ಟಡಕ್ಕೆ ಕಲ್ಲು ಹೊತ್ತವರನ್ನು, ಪಾಠ ಹೇಳಿದ ಗುರುಗಳನ್ನು ಹಲವರು ಈ ಸಂಚಿಕೆಯಲ್ಲಿ ನೆನೆಯುತ್ತಾರೆ. ನಾನು ನೆನೆಯಬೇಕೆಂದಿರುವವರು ನಮ್ಮ ಶಾಲೆ ಹುಟ್ಟುವ ಎಷ್ಟೋ ಮೊದಲೇ ತೀರಿಹೋದವರು. ಆದರೆ ನಮ್ಮ ಜಿಲ್ಲೆಯಲ್ಲಿ ಶಾಲೆಯ ಜಗಲಿಯನ್ನೂ ಮುಟ್ಟಬಾರದೆಂದು ದೂರ ಇಟ್ಟಿದ್ದ ಮಕ್ಕಳಿಗೆ ಸ್ಲೇಟು ಹಿಡಿಸಿದವರು. ಅವರು ಕುದ್ಮುಲ್ ರಂಗರಾಯರು. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿರುವುದರಿಂದ ಹೆಸರು ಎಲ್ಲರಿಗೂ ಗೊತ್ತು. ಅವರು ಮಾಡಿದ ಕೆಲಸದ ರೀತಿ ಗೊತ್ತಿರುವವರು ಕಡಿಮೆ.

ರಂಗರಾಯರು ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡು ಸೀಮೆಯ ಕುದ್ಮುಲಿನಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಆಗ ಕಾಸರಗೋಡು ನಮ್ಮ ಜಿಲ್ಲೆಗೇ ಸೇರಿತ್ತು. ಚಿಕ್ಕ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡು ಮಂಗಳೂರಿಗೆ ಬಂದರು. ಮೊದಲು ಶಾಲಾ ಮಾಸ್ತರರಾಗಿ ದುಡಿದು, ಆಮೇಲೆ ಪರೀಕ್ಷೆ ಪಾಸು ಮಾಡಿ ವಕೀಲರಾದರು. ಬಡವರ ಪರ ನಿಲ್ಲುವ ವಕೀಲರೆಂದು ಹೆಸರು ಪಡೆದರು. ಉಳ್ಳಾಲ ರಘುನಾಥಯ್ಯನವರು ಮಂಗಳೂರಿನಲ್ಲಿ ನಡೆಸುತ್ತಿದ್ದ ಬ್ರಹ್ಮಸಮಾಜದ ಸಂಪರ್ಕ ಅವರ ಮನಸ್ಸನ್ನು ಇನ್ನಷ್ಟು ಗಟ್ಟಿ ಮಾಡಿತು.

1892ರಲ್ಲಿ ಅವರು ಉರ್ವದ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗಾಗಿ ಒಂದು ಶಾಲೆ ತೆರೆದರು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಪಾಠ ಹೇಳಲು ಮೇಲ್ಜಾತಿಯ ಮಾಸ್ತರರು ಒಪ್ಪಲಿಲ್ಲ. ಕ್ರೈಸ್ತ ಉಪಾಧ್ಯಾಯರನ್ನು ಕರೆತಂದರು. ಶಾಲೆಗೆ ಒಂದೇ ಕಡೆ ನೆಲೆ ಸಿಗಲಿಲ್ಲ; ಜಾಗದಿಂದ ಜಾಗಕ್ಕೆ ಹೋಗಿ ಕೊನೆಗೆ ಕೊಡಿಯಾಲಬೈಲಿನಲ್ಲಿ ನಿಂತಿತು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಅದರ ಪೆಟ್ಟು ಅವರಿಗಷ್ಟೇ ಅಲ್ಲ, ಹೆಂಡತಿ ಮಕ್ಕಳಿಗೂ ಬಿತ್ತು. ಆದರೂ ಶಾಲೆ ಮುಚ್ಚಲಿಲ್ಲ. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆ ಕಟ್ಟಿ ಆ ಕೆಲಸವನ್ನು ಅದರ ಕೈಗೆ ಒಪ್ಪಿಸಿದರು.

ನನಗೆ ಬಹಳ ದೊಡ್ಡದಾಗಿ ಕಾಣುವುದು ಇನ್ನೊಂದು ಸಂಗತಿ. ಶಾಲೆ ತೆರೆದು, ಫೀಸು ಬೇಡ ಎಂದ ಮಾತ್ರಕ್ಕೆ ಮಕ್ಕಳು ಬರುವುದಿಲ್ಲವೆಂಬುದನ್ನು ರಂಗರಾಯರು ಬೇಗನೆ ಕಂಡುಕೊಂಡರು. ಹೊಟ್ಟೆಗಿಲ್ಲದ ಮನೆಯಲ್ಲಿ ಎಂಟು ವರ್ಷದ ಮಗುವೂ ಒಂದು ದುಡಿಯುವ ಕೈ. ಅದು ದನ ಮೇಯಿಸುತ್ತದೆ, ಧಣಿಯ ಗದ್ದೆಯಲ್ಲಿ ಚಾಕರಿ ಮಾಡಿ ಒಂದು ಹಿಡಿ ಅಕ್ಕಿ ತರುತ್ತದೆ. ಅಂಥ ಮಗುವನ್ನು ಶಾಲೆಗೆ ಕಳಿಸಿದರೆ ಆ ಮನೆಗೆ ಅಂದಿನ ಗಂಜಿಯೇ ತಪ್ಪಬಹುದು. ಆದ್ದರಿಂದ ರಂಗರಾಯರು ಶಾಲೆಗೆ ಬಂದ ಪ್ರತಿ ಮಗುವಿಗೂ ದಿನಕ್ಕೆ ಎರಡು ಪೈಸೆ ಕೊಡತೊಡಗಿದರು. ಅಂದಿನ ಲೆಕ್ಕದಲ್ಲಿ ಅದು ಅರ್ಧಾಣೆ. ಮಧ್ಯಾಹ್ನದ ಊಟವನ್ನೂ ಹಾಕಿದರು. ಸರಕಾರದ ಅಕ್ಷರ ದಾಸೋಹ ನಮ್ಮ ರಾಜ್ಯದಲ್ಲಿ ಆರಂಭವಾದದ್ದು 2002ರಲ್ಲಿ. ಒಬ್ಬ ವಕೀಲರು ಅದನ್ನೇ ಸುಮಾರು ನೂರು ವರ್ಷ ಮೊದಲು ಮಂಗಳೂರಿನಲ್ಲಿ ಮಾಡಿ ತೋರಿಸಿದ್ದರು.

ಅಷ್ಟಕ್ಕೇ ನಿಲ್ಲಲಿಲ್ಲ. ದೂರದ ಮಕ್ಕಳಿಗೆ ಉಳಿದುಕೊಳ್ಳಲು ವಿದ್ಯಾರ್ಥಿನಿಲಯ, ಕೈಕಸುಬು ಕಲಿಯಲು ಮಗ್ಗ ಮತ್ತು ಬಡಗಿ ಕೆಲಸ, ಹೆತ್ತವರಿಗೆ ಮನೆ ಕಟ್ಟಿಕೊಳ್ಳಲು ಜಾಗ, ಹೀಗೆ ಒಂದರ ಹಿಂದೆ ಒಂದಕ್ಕೆ ಕೈ ಹಾಕಿದರು. ಮಗುವನ್ನು ಓದಿಸಬೇಕಾದರೆ ಮನೆಯನ್ನೂ ನಿಲ್ಲಿಸಬೇಕೆಂಬುದು ಅವರ ಕೆಲಸದಿಂದಲೇ ತಿಳಿಯುತ್ತದೆ.

ಊರಿಗೆ ಹೇಳಿದ್ದನ್ನು ಅವರು ಮನೆಯಲ್ಲೂ ನಡೆಸಿದರು. ಎಳೆಯ ಪ್ರಾಯದಲ್ಲಿ ವಿಧವೆಯಾದ ಮಗಳು ರಾಧಾಬಾಯಿಯನ್ನು ಓದಿಸಿದರು, ಮರುಮದುವೆ ಮಾಡಿಸಿದರು. ಆಕೆ ಡಾ. ಪಿ. ಸುಬ್ಬರಾಯನ್ ಅವರ ಕೈ ಹಿಡಿದರು. 1930ರಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿಗೆ ಹೋದ ಇಬ್ಬರು ಭಾರತೀಯ ಮಹಿಳೆಯರಲ್ಲಿ ಒಬ್ಬರಾದರು. ಮುಂದೆ ಭಾರತೀಯ ಸೇನೆಯ ಮುಖ್ಯಸ್ಥರಾದ ಜನರಲ್ ಕುಮಾರಮಂಗಲಂ ರಾಧಾಬಾಯಿಯವರ ಮಗ.

ಕೊನೆಗಾಲದಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡರು. ತಮ್ಮ ಅಂತ್ಯಕ್ರಿಯೆ ತೋಟಿ ಸಮುದಾಯದವರ ಕೈಯಿಂದಲೇ ಆಗಬೇಕೆಂದು ಬಯಸಿದ್ದರು, ಹಾಗೆಯೇ ನಡೆಯಿತು. ಅವರ ಇನ್ನೊಂದು ಬಯಕೆಯನ್ನು ನಮ್ಮ ಕಡೆ ಇಂದಿಗೂ ಹೇಳುತ್ತಾರೆ. ತಮ್ಮ ಶಾಲೆಯಲ್ಲಿ ಕಲಿತ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಊರ ರಸ್ತೆಯಲ್ಲಿ ಓಡಾಡಬೇಕು, ಆ ಕಾರಿನ ಧೂಳು ತಮ್ಮ ತಲೆಗೆ ತಾಗಬೇಕು, ಆಗ ತಮ್ಮ ಜನ್ಮ ಸಾರ್ಥಕ ಎಂಬುದು ಆ ಬಯಕೆ. ಕೊಟ್ಟವನ ಕಾಲಿಗೆ ಪಡೆದವನು ಬೀಳಬೇಕೆಂದು ಅವರು ಎಣಿಸಲಿಲ್ಲ. ಲೆಕ್ಕವನ್ನೇ ತಿರುಗಿಸಿಬಿಟ್ಟರು.

ಇದನ್ನೆಲ್ಲ ಈ ಸಂಚಿಕೆಯಲ್ಲಿ ಬರೆಯಲು ಒಂದು ಕಾರಣವಿದೆ. ಇದೇ ಶಾಲೆಯಲ್ಲಿ ಪಾಠ ಮಾಡಿದ ವರ್ಷಗಳಲ್ಲಿ ಹಾಜರಿ ಪುಸ್ತಕ ನನಗೆ ಊರಿನ ಕಷ್ಟ ಸುಖ ಹೇಳುತ್ತಿತ್ತು. ಗೇರುಬೀಜ ಹೆಕ್ಕುವ ಕಾಲಕ್ಕೆ ಕೆಲವು ಹೆಸರುಗಳ ಮುಂದೆ ಗೈರುಹಾಜರಿಯೇ ಜಾಸ್ತಿ. ಬೀಡಿ ಕಟ್ಟುವ ಅಮ್ಮನಿಗೆ ಹುಷಾರಿಲ್ಲದಾಗ ಮಗಳು ಎಲೆ ಕತ್ತರಿಸಲು ಮನೆಯಲ್ಲೇ ಉಳಿಯುತ್ತಿದ್ದಳು. ಆ ಮಕ್ಕಳು ದಡ್ಡರಾಗಿರಲಿಲ್ಲ. ಒಂಬತ್ತನೆಯಲ್ಲಿ ಕಂಡವರು ಹತ್ತರಲ್ಲಿ ಕಾಣುತ್ತಿರಲಿಲ್ಲ, ಅಷ್ಟೇ.

ಈಗ ಪಠ್ಯಪುಸ್ತಕ, ಬಿಸಿಯೂಟ ಸರಕಾರ ಕೊಡುತ್ತದೆ. ಆದರೂ ಮನೆಯ ಕೊರತೆ ಪೂರ್ತಿ ನೀಗುವುದಿಲ್ಲ. ಸುವರ್ಣ ಮಹೋತ್ಸವದ ನೆನಪಿಗೆ ದತ್ತಿನಿಧಿ ಇಡಬೇಕೆಂದು ಹಳೆ ವಿದ್ಯಾರ್ಥಿಗಳು ಮಾತನಾಡುತ್ತಿರುವುದು ಸಂತೋಷದ ವಿಷಯ. ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡೋಣ. ಅದರ ಜೊತೆಗೆ ಶಾಲೆ ಬಿಡುವ ಅಂಚಿನಲ್ಲಿರುವ ಮಗುವಿಗೂ ಒಂದು ಪಾಲು ಇರಲಿ ಎಂಬುದು ನನ್ನ ಕೋರಿಕೆ. ಅದು ಒಂದು ವರ್ಷಕ್ಕೆ ಮುಗಿಯದೆ, ಎಸ್ಸೆಸ್ಸೆಲ್ಸಿ ಮುಗಿಸಿ ಪೇಟೆಯ ಪಿಯು ಕಾಲೇಜಿಗೆ ಹೋಗುವ ಬಸ್ಸಿನ ಖರ್ಚಿನವರೆಗೂ ನಡೆಯಲಿ. ಯಾವ ಮಗುವಿಗೆ ಬೇಕೆಂಬುದು ತರಗತಿಯ ಮಾಸ್ತರರಿಗೆ, ಟೀಚರಿಗೆ ಗೊತ್ತೇ ಇರುತ್ತದೆ. ವೇದಿಕೆಗೆ ಕರೆದು ಕೊಡುವುದು ಬೇಡ, ಮನೆಗೆ ಮುಟ್ಟಿಸಿದರೆ ಸಾಕು.

ರಂಗರಾಯರು ಕೊಟ್ಟದ್ದು ದಿನಕ್ಕೆ ಎರಡೇ ಪೈಸೆ. ಆದರೆ ದಿನವೂ ಕೊಟ್ಟರು.