ಉಕ್ಕಿನ ಮೊನೆಯಲ್ಲಿ ಅಕ್ಷರ: ಪಂಚಾನನ ಕರ್ಮಕಾರ

ಗ್ರಂಥವೊಂದು ಅಚ್ಚಾಗಿ ಕೈಗೆ ಬಂದಾಗ ಅದರಲ್ಲಿ ಗ್ರಂಥಕರ್ತನ ಹೆಸರಿರುತ್ತದೆ. ಮುದ್ರಣಾಲಯದ ಹೆಸರೂ ಎಲ್ಲಿಯೋ ಒಂದು ಮೂಲೆಯಲ್ಲಿರುತ್ತದೆ. ಆ ಪುಟದ ಅಕ್ಷರಗಳನ್ನು ಮೊತ್ತಮೊದಲು ಉಕ್ಕಿನಲ್ಲಿ ಕೊರೆದವನು ಯಾರೆಂದು ಕೇಳುವ ವಾಡಿಕೆ ಮಾತ್ರ ನಮ್ಮಲ್ಲಿಲ್ಲ. ಬಂಗಾಳದ ಜನ ತಮ್ಮ ಮುದ್ರಣಕಲೆಯ ಮೂಲಪುರುಷರಲ್ಲಿ ಒಬ್ಬನೆಂದು ಸ್ಮರಿಸುವ ಪಂಚಾನನ ಕರ್ಮಕಾರನು ತಾನು ಬದುಕಿದ್ದ ಕಾಲದಲ್ಲಿ ಹೀಗೆ ಯಾರೂ ಕೇಳದೆ ಹೋದ ವ್ಯಕ್ತಿ. ಅವನ ಕೈಕೆಲಸದ ಋಣ ಕನ್ನಡಿಗರಾದ ನಮ್ಮ ಮೇಲೂ ಸ್ವಲ್ಪ ಉಂಟು.

ಪಂಚಾನನನು ಹೂಗ್ಲಿ ನದಿಯ ದಡದ ತ್ರಿವೇಣಿಯವನು. ಕರ್ಮಕಾರ ಎಂಬುದು ವೃತ್ತಿಯನ್ನು ಸೂಚಿಸುವ ಹೆಸರು. ನಮ್ಮ ಕಮ್ಮಾರ ಶಬ್ದಕ್ಕೆ ಅರ್ಥದಲ್ಲಿ ಸೋದರ. ಆದರೆ ಅವನ ಮನೆತನದವರು ನೇಗಿಲ ಕುಳ, ಬಂಡಿಯ ಪಟ್ಟಿಗಳನ್ನಷ್ಟೇ ಬಡಿಯುತ್ತಿದ್ದವರಲ್ಲ. ಆಯುಧಗಳ ಮೇಲೆ, ತಾಮ್ರದ ತಗಡುಗಳ ಮೇಲೆ, ಲೋಹದ ಪಾತ್ರೆಗಳ ಮೇಲೆ ಹೆಸರನ್ನೂ ಬಳ್ಳಿಚಿತ್ತಾರಗಳನ್ನೂ ಕೆತ್ತುವುದು ಅವರಿಗೆ ಪರಂಪರೆಯಿಂದ ಬಂದ ವಿದ್ಯೆ. ಅಕ್ಷರದ ವಾಟವನ್ನೂ ಲೋಹದ ಸ್ವಭಾವವನ್ನೂ ಒಂದೇ ಕೈ ಬಲ್ಲುದಾದದ್ದು ಹೀಗೆ. ಮುಂದೆ ಒದಗಿಬಂದ ಕೆಲಸಕ್ಕೆ ಇವೆರಡೂ ಬೇಕಾಗಿದ್ದವು.

ಆ ಕೆಲಸ ಒದಗಿದುದು ಈಸ್ಟ್ ಇಂಡಿಯಾ ಕಂಪನಿಯ ಇಬ್ಬರು ತರುಣ ನೌಕರರಿಂದ. ನಥಾನಿಯಲ್ ಹಾಲ್‌ಹೆಡ್ ಎಂಬಾತನು ಬಂಗಾಳಿ ಭಾಷೆಗೆ ಇಂಗ್ಲಿಷಿನಲ್ಲಿ ಒಂದು ವ್ಯಾಕರಣವನ್ನು ರಚಿಸಿದ್ದನು. ಉದಾಹರಣೆಗಳು ಬಂಗಾಳಿ ಲಿಪಿಯಲ್ಲಿಯೇ ಇರಬೇಕಾಗಿತ್ತು. ಅದಕ್ಕೆ ಮೊದಲು ಲಂಡನ್ನಿನಲ್ಲಿ ವಿಲಿಯಂ ಬೋಲ್ಟ್ಸ್ ಎಂಬವನು ಜೋಸೆಫ್ ಜ್ಯಾಕ್ಸನ್ನನಂಥ ನುರಿತ ಕೆಲಸಗಾರನಿಂದ ಬಂಗಾಳಿ ಮೊಳೆಗಳನ್ನು ಮಾಡಿಸಹೊರಟಿದ್ದನು. ಆ ಯತ್ನ ಕೈಗೂಡಲಿಲ್ಲ. ಆಗ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸನ ಪ್ರೇರಣೆಯಿಂದ ಚಾರ್ಲ್ಸ್ ವಿಲ್ಕಿನ್ಸನು ಈ ಹೊಣೆಯನ್ನು ಹೊತ್ತನು. 1785ರಲ್ಲಿ ಭಗವದ್ಗೀತೆಯ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದ ವಿದ್ವಾಂಸನೇ ಈತ. ಅಕ್ಷರದ ಮೊಳೆಗಳನ್ನು ಸಿದ್ಧಮಾಡುವಲ್ಲಿ ಅವನಿಗೆ ಒದಗಿದ ಕೈ ಪಂಚಾನನನದು. ಹಾಲ್‌ಹೆಡ್ಡನ ವ್ಯಾಕರಣವು 1778ರಲ್ಲಿ ಹೂಗ್ಲಿಯಲ್ಲಿ ಅಚ್ಚಾಯಿತು.

ಈ ಕಸುಬಿನ ಸ್ವರೂಪವನ್ನು ತುಸು ವಿವರವಾಗಿಯೇ ಹೇಳಬೇಕು. ಅದು ತಿಳಿಯದೆ ಪಂಚಾನನನ ಬೆಲೆ ತಿಳಿಯದು. ಕಾಗದದ ಮೇಲೆ ಒತ್ತುವ ಮೊಳೆಯು ಸೀಸದ ಮಿಶ್ರಲೋಹದ ಎರಕ. ಎರಕಕ್ಕೆ ತಾಮ್ರದ ಪಡಿಯಚ್ಚು ಬೇಕು. ಆ ತಾಮ್ರದಲ್ಲಿ ಅಕ್ಷರದ ಗುಳಿಯನ್ನು ಮೂಡಿಸಲು ಪಂಚು ಎಂಬ ಉಕ್ಕಿನ ಕಡ್ಡಿ ಬೇಕು. ಅದರ ತುದಿಯಲ್ಲಿ ಅಕ್ಷರವು ಎಡಬಲ ತಿರುಗಿ, ಉಬ್ಬಾಗಿ ನಿಂತಿರಬೇಕು. ಕೆಲವು ದಪ್ಪ ಅಕ್ಷರಗಳನ್ನು ಬಿಟ್ಟರೆ ಉಳಿದವು ಕಡಲೆಕಾಳಿಗಿಂತ ದೊಡ್ಡವಲ್ಲ. ಇಷ್ಟು ಸಣ್ಣ ಜಾಗದಲ್ಲಿ ಉಕ್ಕನ್ನು ಕೊರೆಯುವ ಉಳಿಯೂ ಉಕ್ಕಿನದೇ ಆಗಬೇಕು. ಅದು ಕೊರೆಸಿಕೊಳ್ಳುವ ಉಕ್ಕಿಗಿಂತ ಗಡುಸಾಗಿರಬೇಕು.

ಇಂಥ ಉಳಿಯನ್ನು ಕೆಲಸಗಾರನು ತನ್ನ ಕೈಯಿಂದಲೇ ಮಾಡಿಕೊಳ್ಳುವುದು ಈ ಕಸುಬಿನ ಪದ್ಧತಿ. ಸಣ್ಣ ಉಕ್ಕಿನ ಸಲಾಕೆಯನ್ನು ಕಾಯಿಸಿ, ನಿಧಾನವಾಗಿ ಆರಲು ಬಿಟ್ಟು ಮೆದುಮಾಡಿ, ಅರದಿಂದ ಉಜ್ಜಿ ಮೊನೆಯ ಆಕಾರಕ್ಕೆ ತರಬೇಕು. ಮತ್ತೆ ಕೆಂಪಗೆ ಕಾಯಿಸಿ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ ಅದು ಗಾಜಿನಷ್ಟು ಗಡುಸಾಗುತ್ತದೆ. ಗಾಜಿನಂತೆಯೇ ಸಿಡಿದೂ ಹೋಗಬಹುದು. ಆದುದರಿಂದ ಮೈಯನ್ನು ಬೆಳ್ಳಗೆ ಉಜ್ಜಿ, ಇನ್ನೊಮ್ಮೆ ಮೆಲ್ಲಗೆ ಬಿಸಿಮಾಡಿ, ಒಣಹುಲ್ಲಿನ ಹಳದಿ ಬಣ್ಣ ಮೇಲೇರುವ ಗಳಿಗೆಯಲ್ಲಿ ಸರಕ್ಕನೆ ಬೆಂಕಿಯಿಂದ ತೆಗೆಯಬೇಕು. ಒಂದು ಕ್ಷಣ ತಡವಾದರೆ ಬಣ್ಣ ಕಂದಾಗಿ, ನೇರಳೆಯಾಗಿ, ನೀಲಿಗೆ ತಿರುಗಿ ಉಳಿ ಮೆತ್ತಗಾಗುತ್ತದೆ. ಹದ ಎಂಬ ನಮ್ಮ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇರೆ ಸಿಗಲಾರದು. ಬಳಿಕ ಸಾಣೆ ಹಿಡಿದು ಮೊನೆಯನ್ನು ಓರೆಯಾಗಿ ತೀಡಿ, ಅಂಗೈಯ ಗುಳಿಯಲ್ಲಿ ಕೂರುವಂಥ ಮರದ ಹಿಡಿಯನ್ನು ತೊಡಿಸಬೇಕು. ಹಿಡಿಯ ಉದ್ದ ಅವನವನ ಕೈಯ ಅಳತೆಗೆ ಸೇರಿದ್ದು.

ಉಳಿಯೊಂದರಿಂದ ಕೆಲಸ ಮುಗಿಯಲಿಲ್ಲ. ಅಕ್ಷರದೊಳಗೆ ಸುತ್ತುಗಟ್ಟಿದ ಬಯಲು ಇರುತ್ತದಷ್ಟೆ. ನಮ್ಮ 'ರ'ಕಾರದ ಹೊಟ್ಟೆಯನ್ನು ನೆನೆಯಬಹುದು. ಅಷ್ಟು ಇಕ್ಕಟ್ಟಿನಲ್ಲಿ ಉಳಿಯಾಡಿಸುವುದು ಕಷ್ಟವೆಂದು ಆ ಬಯಲಿನ ಆಕಾರವನ್ನೇ ತುದಿಯಲ್ಲಿ ಹೊತ್ತ ಇನ್ನೊಂದು ಪುಟ್ಟ ಪಂಚನ್ನು ಮೊದಲು ಮಾಡಿ, ಹದಕೊಟ್ಟು, ಅದನ್ನು ಮೆದು ಉಕ್ಕಿನೊಳಕ್ಕೆ ಬಡಿಯುವ ಉಪಾಯವುಂಟು. ಒಳಗಿನ ಗುಳಿ ಒಂದೇ ಏಟಿಗೆ ಆಗುತ್ತದೆ; ಹೊರಗಿನ ಅಂಚನ್ನು ಅರದಿಂದಲೂ ಉಳಿಯಿಂದಲೂ ಬಿಡಿಸುವುದು ಉಳಿಯುತ್ತದೆ. ಹೀಗೆ ಉಪಕರಣವನ್ನು ಮಾಡಲು ಒಂದು ಉಪಕರಣ, ಅದನ್ನು ಮಾಡಲು ಮತ್ತೊಂದು. ನಡುನಡುವೆ ಪಂಚಿನ ತುದಿಯನ್ನು ದೀಪದ ಕುಡಿಗೆ ಹಿಡಿದು, ಕಾಡಿಗೆ ಹತ್ತಿಸಿ, ಕಾಗದಕ್ಕೊತ್ತಿ ನೋಡುತ್ತಾರೆ. ಗೆರೆ ಕೂದಲೆಳೆಯಷ್ಟು ದಪ್ಪವಾಗಿದ್ದರೆ ಇನ್ನಷ್ಟು ತೆಗೆಯಬಹುದು. ತೆಳ್ಳಗಾಗಿದ್ದರೆ ಮತ್ತೆ ಸೇರಿಸುವಂತಿಲ್ಲ. ಹೊಸ ಕಡ್ಡಿಯನ್ನೇ ಹಿಡಿಯಬೇಕು.

ರೋಮನ್ ಲಿಪಿಯವರಿಗೆ ಬೆರಳೆಣಿಕೆಯ ಅಕ್ಷರಗಳು. ಬಂಗಾಳಿಯಲ್ಲಿ ಸ್ವರಚಿಹ್ನೆಗಳು ವ್ಯಂಜನದ ಹಿಂದೆ, ಮುಂದೆ, ಮೇಲೆ, ಕೆಳಗೆ ಎಲ್ಲೆಡೆಯೂ ಕೂರುತ್ತವೆ; ಸಂಯುಕ್ತಾಕ್ಷರಗಳು ಬೇರೆಯೇ ರೂಪ ತಾಳುತ್ತವೆ; ತಲೆಯ ಮೇಲಿನ ಗೆರೆ ಒಂದು ಮೊಳೆಯಿಂದ ಪಕ್ಕದ ಮೊಳೆಗೆ ಮುರಿಯದೆ ಹರಿಯಬೇಕು. ಕೈಬರಹದ ಪ್ರತಿಗಳ ಹೊರತು ಎದುರಿಗೆ ಮಾದರಿಯಾಗಿ ಒಪ್ಪುವಂಥ ಮುದ್ರಿತ ಪುಟವೂ ಇಲ್ಲದಿದ್ದಾಗ ಇದನ್ನು ಸಾಧಿಸಿದವರ ತಾಳ್ಮೆ ಎಂಥದಿರಬೇಕು!

ಹಾಲ್‌ಹೆಡ್ಡನು ತನ್ನ ಮುನ್ನುಡಿಯಲ್ಲಿ ಈ ಸಾಧನೆಯನ್ನು ಮನಸಾರೆ ಹೊಗಳಿದ್ದಾನೆ. ಲೋಹಕಾರ, ಕೆತ್ತನೆಗಾರ, ಎರಕಗಾರ, ಮುದ್ರಕ, ಈ ನಾಲ್ಕು ಪಾತ್ರಗಳನ್ನೂ ವಿಲ್ಕಿನ್ಸನೊಬ್ಬನೇ ವಹಿಸಿದನೆಂಬುದು ಅವನ ಹೇಳಿಕೆಯ ತಾತ್ಪರ್ಯ. ಪಂಚಾನನನ ಹೆಸರು ಅಲ್ಲಿಲ್ಲ. ವಿಲ್ಕಿನ್ಸನ ಪ್ರತಿಭೆಯನ್ನು ನಾವು ಅಲ್ಲಗಳೆಯಬೇಕಾಗಿಲ್ಲ. ಲಿಪಿಯ ಯೋಜನೆಯನ್ನು ನಡೆಸಿದವನೂ ಮೊಳೆ ಮಾಡುವ ಕ್ರಮವನ್ನು ಪಂಚಾನನನಿಗೆ ತೋರಿಸಿಕೊಟ್ಟವನೂ ಅವನೇ. ಆದರೆ ತಲೆಮಾರುಗಳಿಂದ ಲೋಹದಲ್ಲಿ ಅಕ್ಷರ ಬರೆದ ಕೈಯೊಂದು ಪಕ್ಕದಲ್ಲಿರದಿದ್ದರೆ ಕಚೇರಿಯ ತರುಣನೊಬ್ಬನು ಅಷ್ಟು ಬೇಗ ನಾಲ್ಕು ಕಸುಬುಗಳನ್ನು ಕಲಿಯುತ್ತಿದ್ದನೆಂದು ನಂಬುವುದು ಕಠಿಣ.

1800ರಲ್ಲಿ ವಿಲಿಯಂ ಕೇರಿ ಮತ್ತು ಅವನ ಜೊತೆಗಾರರು ಡೇನರ ಆಡಳಿತದಲ್ಲಿದ್ದ ಶ್ರೀರಾಮಪುರದಲ್ಲಿ ತಮ್ಮ ಮಿಷನ್ನನ್ನೂ ಮುದ್ರಣಾಲಯವನ್ನೂ ಸ್ಥಾಪಿಸಿದರು. ಪಂಚಾನನನು ಅಲ್ಲಿಗೆ ಬಂದುದು ಸ್ವಲ್ಪ ಕಾಲದಲ್ಲಿಯೇ. ಅವನ ನೆರವಿನಿಂದ ಮೊಳೆ ಎರಕದ ಕಾರ್ಖಾನೆ ಎದ್ದಿತು. ಬಂಗಾಳಿಯ ಬಳಿಕ ದೇವನಾಗರಿಯ ಕೆಲಸ ಆರಂಭವಾಯಿತು. ಅದಕ್ಕೆ ಬೇಕಾದ ಪಂಚುಗಳು ಸುಮಾರು 700. ಅವೆಲ್ಲವನ್ನೂ ಮುಗಿಸುವ ಮೊದಲೇ, 1804ರ ಸುಮಾರಿನಲ್ಲಿ, ಪಂಚಾನನನು ತೀರಿಕೊಂಡನು. ಕೆಲಸ ಮಾತ್ರ ನಿಲ್ಲಲಿಲ್ಲ. ಅಳಿಯನಾದ ಮನೋಹರನಿಗೂ ಕಾರ್ಖಾನೆಯ ಇತರರಿಗೂ ಅವನು ತನ್ನ ವಿದ್ಯೆಯನ್ನು ಮುಚ್ಚಿಡದೆ ಕಲಿಸಿದ್ದನು. ಮನೆತನದ ಕಸುಬಿನ ಗುಟ್ಟನ್ನು ಹೊರಗಿನವರಿಗೆ ಬಿಟ್ಟುಕೊಡುವುದು ಆ ಕಾಲದಲ್ಲಿ ಸಣ್ಣ ಮಾತೇನೂ ಅಲ್ಲ. ಕೆಲವು ವರ್ಷಗಳ ಅನಂತರ ಮಿಷನರಿಗಳು ತಮ್ಮ ಅನುವಾದಕಾರ್ಯದ ವರದಿಯಲ್ಲಿ, ವಿಲ್ಕಿನ್ಸನ ಜೊತೆ ದುಡಿದ ಕುಶಲಿಯೇ ತಮಗೆ ದೊರೆತನೆಂದೂ ಅವನು ಕಲಿಸಿಹೋದವರ ಕೆಲಸ ಯೂರೋಪಿನವರದಕ್ಕೆ ಕಡಮೆಯಿಲ್ಲವೆಂದೂ ಕೃತಜ್ಞತೆಯಿಂದ ಬರೆದರು. ಅಲ್ಲಿಯೂ ಅವನು ಒಬ್ಬ ಕುಶಲಿ, ಅಷ್ಟೆ. ಹೆಸರು ಗ್ರಂಥಗಳಿಗೆ ಏರಿದುದು ಮುಂದಿನ ಚರಿತ್ರೆಕಾರರಿಂದ.

1812ರ ಮಾರ್ಚ್ 11ರಂದು ಶ್ರೀರಾಮಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ಕಾಗದದ ರಾಶಿ, ಕೇರಿಯ ಹಸ್ತಪ್ರತಿಗಳು, ಹಲವು ಲಿಪಿಗಳ ಮೊಳೆಗಳು ಒಂದೇ ರಾತ್ರಿಯಲ್ಲಿ ನಾಶವಾದವು. ಸೀಸ ಕರಗಿ ನೆಲದ ಮೇಲೆ ಹರಿದು ಗಟ್ಟಿಯಾಗಿತ್ತು. ಬೂದಿಯನ್ನು ಕೆದಕಿದಾಗ ಉಕ್ಕಿನ ಪಂಚುಗಳೂ ಪಡಿಯಚ್ಚುಗಳೂ ಕೆಡದೆ ಸಿಕ್ಕವು. ಕರಗಿದ ಲೋಹವನ್ನೇ ಒಟ್ಟುಮಾಡಿ ಮತ್ತೆ ಎರಕ ಹೊಯ್ದರು. ಕೆಲವೇ ವಾರಗಳಲ್ಲಿ ಮೊಳೆ ಜೋಡಿಸುವ ಕೆಲಸ ಮೊದಲಾಯಿತು. ಪಂಚಾನನನು ಸತ್ತು ಎಂಟು ವರ್ಷವಾಗಿತ್ತು.

ಇದೇ ಮುದ್ರಣಾಲಯದಿಂದ 1817ರಲ್ಲಿ ಕೇರಿಯ ಕರ್ಣಾಟ ಭಾಷೆಯ ವ್ಯಾಕರಣವು ಹೊರಬಂದಿತು. ಕನ್ನಡ ಲಿಪಿಯನ್ನು ಮೊಳೆಗಳಲ್ಲಿ ಕಂಡ ಮೊದಮೊದಲ ಪುಸ್ತಕಗಳಲ್ಲಿ ಅದು ಸೇರಿದೆ. ದುಂಡಗಿನ ಅಕ್ಷರ, ತಲೆಕಟ್ಟು, ಕೆಳಗೆ ತೂಗುವ ಒತ್ತು, ಇವೆಲ್ಲ ಬಂಗಾಳದ ಆ ಕೆತ್ತನೆಗಾರರಿಗೆ ಹೊಸವು. ಆದರೂ ಅಪರಿಚಿತ ಲಿಪಿಯೊಂದನ್ನು ಎದುರಿಗಿಟ್ಟುಕೊಂಡು ಉಕ್ಕಿಗಿಳಿಸುವ ಧೈರ್ಯ ಆ ಕಾರ್ಖಾನೆಗೆ ಬಂದುದು ತ್ರಿವೇಣಿಯ ಕಮ್ಮಾರನು ಹಾಕಿಕೊಟ್ಟ ದಾರಿಯಿಂದ.

ಮನೋಹರನು ಸುಮಾರು ನಲವತ್ತು ವರ್ಷ ಅಲ್ಲಿ ದುಡಿದು ಅನೇಕ ಪೂರ್ವದೇಶದ ಲಿಪಿಗಳಿಗೆ ಮೊಳೆಗಳನ್ನು ಕೊರೆದನು. 1839ರಲ್ಲಿ ಶ್ರೀರಾಮಪುರಕ್ಕೆ ಬಂದ ಪಾದ್ರಿಯೊಬ್ಬನು ಕಂಡ ನೋಟ ಕುತೂಹಲಕರವಾದುದು: ಬೈಬಲ್ಲಿನ ಮುದ್ರಣಕ್ಕಾಗಿ ಪಡಿಯಚ್ಚುಗಳನ್ನು ಮಾಡುತ್ತಿದ್ದ ಕಮ್ಮಾರನು ತನ್ನ ಇಷ್ಟದೇವತೆಯ ವಿಗ್ರಹದ ಕೆಳಗೆ ಚಕ್ಕಳಮಕ್ಕಳ ಹಾಕಿ ಕುಳಿತಿದ್ದನಂತೆ. ಮಿಷನ್ನಿನವರು ಅದನ್ನು ತಡೆದಂತೆ ತೋರುವುದಿಲ್ಲ. ಮನೋಹರನ ಮಗ ಕೃಷ್ಣಚಂದ್ರನೂ ತಂದೆಯ ಕಸುಬನ್ನೇ ಹಿಡಿದನು.