ರಾಜನ ಪರ ವಾದಿಸಿ ರಾಜಪಕ್ಷಕ್ಕೇ ಬೇಡವಾದ ಥಾಮಸ್ ಹಾಬ್ಸ್

ಅರಸನಿಗೆ ಅಧಿಕಾರ ಬಂದದ್ದು ಎಲ್ಲಿಂದ? ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ಈ ಪ್ರಶ್ನೆಗೆ ಉತ್ತರ ಹೇಳುವುದು ಅಪಾಯದ ಕೆಲಸವಾಗಿತ್ತು. ಅಧಿಕಾರ ದೇವದತ್ತವೆಂದು ಅರಮನೆ ಹೇಳುತ್ತಿತ್ತು. ಅರಸನೂ ದೇಶದ ಹಳೆಯ ಕಾನೂನುಗಳಿಗೆ ಬದ್ಧನೆಂದು ಪಾರ್ಲಿಮೆಂಟು ವಾದಿಸುತ್ತಿತ್ತು. ಥಾಮಸ್ ಹಾಬ್ಸ್ ಇವೆರಡನ್ನೂ ಒಪ್ಪದೆ, ಪ್ರಾಣಭಯಕ್ಕೆ ಸಿಲುಕಿದ ಜನರೇ ಸೇರಿ ಪ್ರಭುತ್ವವನ್ನು ನಿರ್ಮಿಸಿಕೊಂಡರೆಂದು ಪ್ರತಿಪಾದಿಸಿದ. ಇದಕ್ಕಾಗಿ ಆತ ಒಮ್ಮೆ ಇಂಗ್ಲೆಂಡಿನಿಂದ ಪ್ಯಾರಿಸ್ಸಿಗೆ, ಮತ್ತೊಮ್ಮೆ ಪ್ಯಾರಿಸ್ಸಿನಿಂದ ಇಂಗ್ಲೆಂಡಿಗೆ ಓಡಬೇಕಾಯಿತು.

ಹಾಬ್ಸ್ ಹುಟ್ಟಿದ್ದು 1588ರ ಏಪ್ರಿಲ್ 5ರಂದು, ಮಾಮ್ಸ್‌ಬರಿ ಪಟ್ಟಣದ ಬಳಿಯ ವೆಸ್ಟ್‌ಪೋರ್ಟ್‌ನಲ್ಲಿ. ಸ್ಪೇನಿನ ಭಾರಿ ನೌಕಾಪಡೆ ದಂಡೆತ್ತಿ ಬರಲಿದೆಯೆಂಬ ಸುದ್ದಿ ಆಗ ಇಂಗ್ಲೆಂಡನ್ನು ನಡುಗಿಸಿತ್ತು. ಆ ದಿಗಿಲಿನಲ್ಲೇ ತಾಯಿ ದಿನ ತುಂಬುವ ಮೊದಲು ತನ್ನನ್ನು ಹೆತ್ತಳೆಂದು, ಭಯ ತನ್ನ ಒಡಹುಟ್ಟೆಂದು, ಆತ ಮುಪ್ಪಿನಲ್ಲಿ ಬರೆದುಕೊಂಡಿದ್ದಾನೆ. ತಂದೆ ಚರ್ಚಿನ ಪಾದ್ರಿ. ಓದಿಗಿಂತ ಜಗಳಕ್ಕೆ ಹೆಸರಾದವನು. ಮತ್ತೊಬ್ಬ ಪಾದ್ರಿಯೊಡನೆ ಕೈಕೈ ಮಿಲಾಯಿಸಿ ಊರು ಬಿಟ್ಟ ಮೇಲೆ ಹುಡುಗನ ಓದಿನ ಹೊಣೆ ಹೊತ್ತವನು ತಂದೆಯ ಸೋದರ ಫ್ರಾನ್ಸಿಸ್. ಕೈಗವಸು ತಯಾರಿಕೆಯಲ್ಲಿ ಆತ ನಾಲ್ಕು ಕಾಸು ಕಂಡಿದ್ದ.

ಆಕ್ಸ್‌ಫರ್ಡ್‌ನಲ್ಲಿ ಪದವಿ ಪಡೆದ ಹಾಬ್ಸ್ 1608ರಲ್ಲಿ ಶ್ರೀಮಂತ ಕ್ಯಾವೆಂಡಿಶ್ ಮನೆತನದ ಮಗನಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿದ. ಕೆಲವು ವರ್ಷಗಳ ಬಿಡುವನ್ನು ಹೊರತುಪಡಿಸಿದರೆ ಸಾಯುವವರೆಗೂ ಆ ಮನೆಯೇ ಆತನ ಆಶ್ರಯ. ಅಲ್ಲಿ ಪುಸ್ತಕಗಳಿದ್ದವು, ಯುರೋಪ್ ಪ್ರವಾಸದ ಅವಕಾಶವಿತ್ತು. ನಲವತ್ತರ ಆಸುಪಾಸಿನಲ್ಲಿ ಯಾರದೋ ಗ್ರಂಥಾಲಯದಲ್ಲಿ ತೆರೆದಿಟ್ಟಿದ್ದ ಯೂಕ್ಲಿಡ್‌ನ ರೇಖಾಗಣಿತ ಕಣ್ಣಿಗೆ ಬಿತ್ತು. ಒಂದು ಪ್ರಮೇಯವನ್ನು ಓದಿ ಅದು ಅಸಾಧ್ಯವೆನಿಸಿ, ಅದರ ಆಧಾರ ಹುಡುಕುತ್ತಾ ಹಿಂದಿನ ಪ್ರಮೇಯಗಳಿಗೆ ಇಳಿದು, ಕೊನೆಗೆ ಅದು ಸತ್ಯವೆಂದು ಮನಗಂಡ. ರಾಜ್ಯವನ್ನೂ ಹೀಗೆಯೇ ಮೂಲದಿಂದ ಕಟ್ಟಿ ತೋರಿಸಬಹುದೆಂಬ ಹಂಬಲ ಮುಂದೆ ಆತನನ್ನು ಬಿಡಲಿಲ್ಲ. 1636ರಲ್ಲಿ ಇಟಲಿಯಲ್ಲಿ ಗೆಲಿಲಿಯೋನನ್ನೂ ಕಂಡು ಬಂದ.

1640ರಲ್ಲಿ ಒಂದನೆಯ ಚಾರ್ಲ್ಸ್ ಮತ್ತು ಪಾರ್ಲಿಮೆಂಟಿನ ನಡುವಿನ ಕಲಹ ತಾರಕಕ್ಕೇರಿತು. ಅರಸನ ಪರಮಾಧಿಕಾರವನ್ನು ಸಮರ್ಥಿಸಿದ ಹಾಬ್ಸ್‌ನ ಹಸ್ತಪ್ರತಿ ಅಷ್ಟರಲ್ಲಿ ಕೈಯಿಂದ ಕೈಗೆ ಹರಿದಾಡಿತ್ತು. ತನ್ನ ತಲೆಗೆ ಕುತ್ತು ಬರಬಹುದೆಂದು ಊಹಿಸಿದ ಆತ ಆ ವರ್ಷದ ಕೊನೆಯಲ್ಲಿ ಪ್ಯಾರಿಸ್ ಸೇರಿದ. ಅಲ್ಲಿ ಕಳೆದದ್ದು 11 ವರ್ಷ. ದೇಶಭ್ರಷ್ಟನಾಗಿ ಬಂದ ಯುವರಾಜ ಚಾರ್ಲ್ಸ್‌ಗೆ 1646ರಿಂದ ಗಣಿತ ಕಲಿಸಿದ್ದೂ ಅಲ್ಲಿಯೇ. ಅತ್ತ ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆದು, 1649ರ ಜನವರಿ 30ರಂದು ಅರಸನ ಶಿರಚ್ಛೇದವಾಯಿತು.

1651ರಲ್ಲಿ ‘ಲೆವಯಾಥನ್’ ಲಂಡನ್ನಿನಲ್ಲಿ ಪ್ರಕಟವಾಯಿತು. ಅದರ ಮುಖಚಿತ್ರವೇ ಆತನ ವಾದವನ್ನು ಹೇಳುತ್ತದೆ: ಕಿರೀಟ ಧರಿಸಿದ ದೈತ್ಯಪುರುಷ, ಒಂದು ಕೈಯಲ್ಲಿ ಖಡ್ಗ, ಇನ್ನೊಂದರಲ್ಲಿ ಧರ್ಮದಂಡ. ಹತ್ತಿರದಿಂದ ನೋಡಿದರೆ ಆತನ ಮೈಯೆಲ್ಲ ನೂರಾರು ಸಣ್ಣ ಮನುಷ್ಯರಿಂದಾದದ್ದು.

ಸರ್ಕಾರವೇ ಇಲ್ಲದ ಸ್ಥಿತಿಯನ್ನು ಹಾಬ್ಸ್ ಊಹಿಸಿಕೊಂಡ. ಅಲ್ಲಿ ದುರ್ಬಲನೂ ಉಪಾಯದಿಂದ ಬಲಿಷ್ಠನನ್ನು ಕೊಲ್ಲಬಲ್ಲ. ಆದ್ದರಿಂದ ಯಾರಿಗೂ ನೆಮ್ಮದಿಯಿಲ್ಲ. ಬೆಳೆ ಕೈಗೆ ಬರುವ ಭರವಸೆಯಿಲ್ಲದೆ ಯಾರೂ ಬಿತ್ತುವುದಿಲ್ಲ. ವ್ಯಾಪಾರ, ವಿದ್ಯೆ, ಕಲೆ ಯಾವುದೂ ತಲೆಯೆತ್ತುವುದಿಲ್ಲ. ಇದು ಉತ್ಪ್ರೇಕ್ಷೆ ಎನ್ನುವವರಿಗೆ, ಕಾನೂನು ಕಾವಲು ಎರಡೂ ಇರುವಾಗಲೂ ಜನ ರಾತ್ರಿ ಬಾಗಿಲಿಗೆ ಅಗುಳಿ ಹಾಕುವುದನ್ನು ಆತ ನೆನಪಿಸಿದ. ಕೌಟಿಲ್ಯನ ಅರ್ಥಶಾಸ್ತ್ರದ ಮತ್ಸ್ಯನ್ಯಾಯವನ್ನು ಬಲ್ಲವರಿಗೆ ಈ ಚಿತ್ರ ಹೊಸದೇನಲ್ಲ. ಪರಸ್ಪರ ಒಪ್ಪಂದದಿಂದ ಎಲ್ಲರೂ ತಮ್ಮ ಹಕ್ಕನ್ನು ಒಬ್ಬನಿಗೆ ಅಥವಾ ಒಂದು ಸಭೆಗೆ ಒಪ್ಪಿಸುವುದೊಂದೇ ಇದರಿಂದ ಪಾರಾಗುವ ದಾರಿ. ಹಾಗೆ ಅಧಿಕಾರ ಪಡೆದವನನ್ನು ಪ್ರಶ್ನಿಸುವಂತಿಲ್ಲ. ಇಷ್ಟೇ ಆಗಿದ್ದರೆ ರಾಜಪಕ್ಷದವರು ಆತನನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದರೇನೋ. ಆದರೆ ರಕ್ಷಿಸುವ ಶಕ್ತಿ ಇರುವವರೆಗೆ ಮಾತ್ರ ವಿಧೇಯತೆ ಸಲ್ಲುತ್ತದೆ ಎಂಬ ಮಾತೂ ಅದರಲ್ಲಿತ್ತು. ಮರಣದಂಡನೆಗೆ ಗುರಿಯಾದವನಿಗೂ ತನ್ನ ಪ್ರಾಣ ಉಳಿಸಿಕೊಳ್ಳಲು ಹೆಣಗುವ ಹಕ್ಕಿದೆ ಎಂದೂ ಆತ ಬರೆದಿದ್ದ. ಅರಸನ ತಲೆ ಉರುಳಿ ಎರಡು ವರ್ಷವಾಗಿರುವಾಗ ಇದರ ಅರ್ಥ ಸ್ಪಷ್ಟವಾಗಿತ್ತು: ರಕ್ಷಣೆ ಕೊಡುತ್ತಿರುವ ಹೊಸ ಗಣರಾಜ್ಯಕ್ಕೆ ತಲೆಬಾಗಬಹುದು.

ಪ್ಯಾರಿಸ್ಸಿನಲ್ಲಿದ್ದ ರಾಜಪರಿವಾರ ಆತನಿಗೆ ಬಾಗಿಲು ಮುಚ್ಚಿತು. ಪೋಪರ ಅಧಿಕಾರವನ್ನು ಹಳಿದದ್ದಕ್ಕಾಗಿ ಫ್ರೆಂಚ್ ಪಾದ್ರಿಗಳೂ ಕೆರಳಿದ್ದರು. ಹಾಬ್ಸ್ ತಾನು ಬರೆದಂತೆಯೇ ನಡೆದುಕೊಂಡ. ಇಂಗ್ಲೆಂಡಿಗೆ ಮರಳಿ ಹೊಸ ಆಡಳಿತಕ್ಕೆ ಶರಣಾದ. ಇದನ್ನು ಅವಕಾಶವಾದವೆಂದು ಕರೆದವರು ಅಂದೂ ಇದ್ದರು, ಇಂದೂ ಇದ್ದಾರೆ. ಆದರೆ ಸಿದ್ಧಾಂತಕ್ಕೂ ನಡತೆಗೂ ಇಷ್ಟು ಹೊಂದಿಕೆ ಇದ್ದ ಚಿಂತಕರು ಹೆಚ್ಚಿಲ್ಲ.

1660ರಲ್ಲಿ ಶಿಷ್ಯ ಎರಡನೆಯ ಚಾರ್ಲ್ಸ್ ಸಿಂಹಾಸನವೇರಿದ. ಹಳೆಯ ಗುರುವಿನ ಮಾತುಗಾರಿಕೆಯನ್ನು ಮೆಚ್ಚಿ ವರ್ಷಕ್ಕೆ 100 ಪೌಂಡ್ ವೇತನ ಗೊತ್ತುಮಾಡಿದ. ಆದರೆ 1665ರ ಪ್ಲೇಗು, 1666ರ ಲಂಡನ್ ಬೆಂಕಿ ಅನಾಹುತಗಳ ನಂತರ ದೈವಕೋಪಕ್ಕೆ ಕಾರಣ ಹುಡುಕಲಾರಂಭಿಸಿದ ಪಾರ್ಲಿಮೆಂಟು, ನಾಸ್ತಿಕತೆಯ ವಿರುದ್ಧದ ಮಸೂದೆಯ ವಿಚಾರಣೆಯಲ್ಲಿ ‘ಲೆವಯಾಥನ್’ ಹೆಸರನ್ನೂ ಎತ್ತಿತು. ಮಸೂದೆ ಕಾನೂನಾಗಲಿಲ್ಲವಾದರೂ ರಾಜಕೀಯ, ಧರ್ಮಗಳ ಬಗ್ಗೆ ಇಂಗ್ಲೆಂಡಿನಲ್ಲಿ ಪುಸ್ತಕ ಅಚ್ಚುಮಾಡಿಸುವ ಬಾಗಿಲು ಆತನಿಗೆ ಮುಚ್ಚಿತು. ಅಂತರ್ಯುದ್ಧದ ಇತಿಹಾಸ ಹೇಳುವ ‘ಬೆಹೆಮಾತ್’ ಪ್ರಕಟಣೆಗೆ ಸ್ವತಃ ಅರಸನೇ ಒಪ್ಪಲಿಲ್ಲ.

ಹಾಬ್ಸ್ ಕೈಕಟ್ಟಿ ಕೂರಲಿಲ್ಲ. ವೃತ್ತವನ್ನು ಸಮಕ್ಷೇತ್ರದ ಚೌಕವನ್ನಾಗಿ ಮಾಡಿದೆನೆಂದು ಹಟ ಹಿಡಿದು ಗಣಿತಜ್ಞ ಜಾನ್ ವಾಲಿಸ್‌ನೊಡನೆ ವರ್ಷಗಟ್ಟಲೆ ಜಗಳವಾಡಿದ, ಅದರಲ್ಲಿ ಸೋತ. ಎಪ್ಪತ್ತು ದಾಟಿದ ಮೇಲೂ ಟೆನಿಸ್ ಆಡಿದ. ಎಂಬತ್ತು ದಾಟಿದ ಮೇಲೆ ಹೋಮರನ ಎರಡೂ ಮಹಾಕಾವ್ಯಗಳನ್ನು ಇಂಗ್ಲಿಷಿಗೆ ತಂದ. ಕೈ ನಡುಗುವ ಕಾಯಿಲೆಯಿಂದಾಗಿ ಬರೆಯಲಾಗದೆ ಹೇಳಿ ಬರೆಸುತ್ತಿದ್ದ. 1679ರ ಡಿಸೆಂಬರ್ 4ರಂದು ಕ್ಯಾವೆಂಡಿಶ್ ಮನೆತನದ ಹಾರ್ಡ್‌ವಿಕ್ ಹಾಲ್‌ನಲ್ಲಿ, 91ನೆಯ ವಯಸ್ಸಿನಲ್ಲಿ, ಹಾಸಿಗೆಯ ಮೇಲೆಯೇ ತೀರಿಕೊಂಡ.

ನಾಲ್ಕು ವರ್ಷಗಳ ನಂತರ, 1683ರ ಜುಲೈನಲ್ಲಿ, ಆತ ಓದಿದ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಅಪಾಯಕಾರಿ ಗ್ರಂಥಗಳ ಪಟ್ಟಿ ಹೊರಡಿಸಿತು. ಅಧಿಕಾರದ ಮೂಲ ಜನರಲ್ಲಿದೆ ಎಂಬುದು ಅಲ್ಲಿ ಖಂಡನೆಗೊಳಗಾದ ಮೊದಲ ವಿಚಾರ. ‘ಲೆವಯಾಥನ್’ ಸೇರಿದಂತೆ ಹಾಬ್ಸ್‌ನ ಪುಸ್ತಕಗಳನ್ನು ವಿಶ್ವವಿದ್ಯಾಲಯದ ಅಂಗಳದಲ್ಲಿ ಬಹಿರಂಗವಾಗಿ ಸುಡಲಾಯಿತು.